ಅಡಿಕೆ ಮರದಿಂದ ಬೀಳುವುದನ್ನು ತಪ್ಪಿಸಲು ಯಾವ ಕೋರ್ಸ್ ಓದಬೇಕು?

ಹೋದ ಮಳೆಗಾಲದಲ್ಲಿ ನಮ್ಮೂರ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಕೃಷಿ ಇಂಜಿನಿಯರಿಂಗ್, ಬಿ.ಟೆಕ್ ಕೊನೆಯ ವರ್ಷ. ಅವನ ಚಿಕ್ಕಪ್ಪ ಕೊಳೆರೋಗಕ್ಕೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು ಜಾರಿ ಬಿದ್ದರು. ಈಗ ಸೊಂಟದ ಕೆಳಗೆ ಸ್ವಾಧೀನ ಇಲ್ಲ. "ಅಣ್ಣಾ, ಇಂಥದ್ದು ಆಗದ ಹಾಗೆ ಮಾಡೋ ಓದು ಅಂತ ಏನಾದ್ರೂ ಇದ್ಯಾ? ಇದ್ರೆ ಎಲ್ಲಿ?" ಅಂತ ಕೇಳಿದ.

ಇದೆ. ಆದರೆ ನಮ್ಮಲ್ಲಿ ಅದು ಒಂದೇ ಬಾಗಿಲ ಹಿಂದೆ ಇಲ್ಲ. ಯಂತ್ರದ ಭಾಗ ಕೃಷಿ ಇಂಜಿನಿಯರಿಂಗ್‌ನಲ್ಲಿದೆ. ವಿಷದ ಭಾಗ ಕೀಟಶಾಸ್ತ್ರದವರ ಹತ್ತಿರ. ಮೈಗೆ ಆಗುವ ತೊಂದರೆ ವೈದ್ಯರ ಪಾಲು. ಹೆಂಗಸರ ದುಡಿಮೆಯ ಲೆಕ್ಕ ಹೋಮ್ ಸೈನ್ಸ್ ಕಾಲೇಜಿನಲ್ಲಿ. ಎಲ್ಲವನ್ನೂ ಸೇರಿಸಿ 'ಕೃಷಿ ಆರೋಗ್ಯ ಮತ್ತು ಸುರಕ್ಷತೆ' ಅಂತ ಒಂದೇ ಬೋರ್ಡ್ ಹಾಕಿ ಕಲಿಸುವುದನ್ನು ನೋಡಬೇಕೆಂದರೆ ಅಮೆರಿಕದ ಅಯೋವಾದಂಥ ಕಡೆ ಹೋಗಬೇಕು. ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಮೊದಲು, ಯಾವ ಪೆಟ್ಟು?

ಕೋರ್ಸಿನ ಹೆಸರು ಆಮೇಲೆ ನೋಡೋಣ. ನಿಮ್ಮನ್ನು ಕಾಡುತ್ತಿರುವ ಪೆಟ್ಟು ಯಾವುದು ಅಂತ ಮೊದಲು ಕೇಳಿಕೊಳ್ಳಿ.

ಟ್ರ್ಯಾಕ್ಟರಿನ ಹಿಂದಿನ ಪಿಟಿಓ ಶಾಫ್ಟ್, ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಯಂತ್ರಕ್ಕೆ ದಾಟಿಸುವ ದಂಡ, ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9. ಲುಂಗಿಯ ತುದಿಯೋ ಸೆರಗೋ ಸಿಕ್ಕಿದರೆ 'ಅಯ್ಯೋ' ಅನ್ನುವಷ್ಟರಲ್ಲಿ ಸುತ್ತಿಕೊಂಡಿರುತ್ತದೆ. ಕಂಪನಿಯವರು ಅದಕ್ಕೊಂದು ಕವಚ ಕೊಟ್ಟಿರುತ್ತಾರೆ. ಒಕ್ಕಣೆ ಯಂತ್ರ ಬಾಡಿಗೆಗೆ ಕೊಡುವ ಒಬ್ಬರ ಹತ್ತಿರ ಆ ಕವಚ ಎಲ್ಲಿ ಅಂತ ಕೇಳಿದ್ದೆ. ಶೆಡ್ಡಿನ ಮೂಲೆ ತೋರಿಸಿದರು. "ಗ್ರೀಸ್ ಹೊಡೆಯೋಕೆ ಅಡ್ಡ ಆಗುತ್ತೆ ಸಾರ್, ಬಿಚ್ಚಿಟ್ಟಿದೀನಿ." ಅದರಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಇಲ್ಲಿ ತಪ್ಪು ಬರೀ ಅವರದಾ? ಕವಚ ಬಿಚ್ಚದೆಯೇ ಗ್ರೀಸ್ ಹೊಡೆಯುವ ಹಾಗೆ ಯಾಕೆ ಮಾಡಲಿಲ್ಲ? ಈ ಪ್ರಶ್ನೆ ನಿಮಗೆ ರುಚಿಸಿದರೆ ನೀವು ಇಂಜಿನಿಯರಿಂಗ್ ಕಡೆಯವರು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದವರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕಥೆ ನಿಮಗೆ ಗೊತ್ತೇ ಇದೆ. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನೇ ನಿಲ್ಲಿಸಿದ್ದು 2011ರಲ್ಲಿ. ಇಂಥದ್ದು ಕಾಡಿದರೆ ದಾರಿ ಬೇರೆ.

ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇಂದಿಗೂ ಸೊಪ್ಪು, ದರಗು ತರಲು ಕಾಡಿಗೆ ಹೋದವರನ್ನು ಹಿಡಿಯುತ್ತದೆ. ಗದ್ದೆಯ ಕೆಸರಿನಿಂದ ಇಲಿ ಜ್ವರ. ಹುಣಸೂರು, ಪಿರಿಯಾಪಟ್ಟಣದ ಕಡೆ ಒದ್ದೆ ಹೊಗೆಸೊಪ್ಪು ಕೊಯ್ಯುವವರಿಗೆ ನಿಕೋಟಿನ್ ಚರ್ಮದಿಂದಲೇ ಇಳಿದು ತಲೆ ಸುತ್ತು, ವಾಂತಿ. ಹಾವು ಕಡಿತವಂತೂ ಕೇಳಲೇಬೇಡಿ. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಇವೆಲ್ಲ ಸಾರ್ವಜನಿಕ ಆರೋಗ್ಯದವರ ಹೊಲ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ ಇಷ್ಟು ಜನ ಕೆಲಸ ಮಾಡಿದರೆ ಒಬ್ಬ ಸುರಕ್ಷತಾ ಅಧಿಕಾರಿ ಇರಲೇಬೇಕು ಅಂತ ಕಾನೂನಿದೆ. ಎರಡು ಎಕರೆ ತೋಟಕ್ಕೆ ಅಂಥ ಕಾನೂನಿಲ್ಲ. ಕಾಫಿ, ಟೀ, ರಬ್ಬರ್ ಎಸ್ಟೇಟುಗಳಿಗೆ 1951ರಿಂದಲೇ ತೋಟ ಕಾರ್ಮಿಕರ ಕಾಯ್ದೆ ಇತ್ತು. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ. ಕೃಷಿಯಲ್ಲಿ ಸುರಕ್ಷತೆ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲಿ ಮಾಡಿದ 184ನೇ ಒಡಂಬಡಿಕೆಗೂ ಭಾರತ ಒಪ್ಪಿಗೆ ಹಾಕಿಲ್ಲ. ಹಾಗಾಗಿ 'ಹೊಲದ ಸುರಕ್ಷತಾ ಅಧಿಕಾರಿ' ಅಂತ ಖಾಲಿ ಕುರ್ಚಿ ಎಲ್ಲೂ ನಿಮಗಾಗಿ ಕಾಯುತ್ತಿಲ್ಲ. ಬೇರೆ ಯಾವುದೋ ಕುರ್ಚಿಯಲ್ಲಿ ಕೂತು ಈ ಕೆಲಸ ಮಾಡಬೇಕು. ಕೋರ್ಸ್ ಆರಿಸುವಾಗ ಆ ಕುರ್ಚಿಯನ್ನೂ ಜೊತೆಗೇ ಆರಿಸುತ್ತಿದ್ದೀರಿ.

ಕೃಷಿ ಇಂಜಿನಿಯರಿಂಗ್ ಎಂ.ಟೆಕ್

ಬಿ.ಟೆಕ್ ಮಾಡಿದವರಿಗೆ ಇದು ನೇರ ದಾರಿ. ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಮತ್ತು ರಾಯಚೂರು ಕೃಷಿ ವಿವಿ, ಎರಡೂ ಕಡೆ ಇದೆ. ಕೃಷಿ ಯಂತ್ರೋಪಕರಣ ಮತ್ತು ಶಕ್ತಿ ವಿಭಾಗ ತೆಗೆದುಕೊಳ್ಳಬೇಕು. ಎರಡು ವರ್ಷ. ಆದರೆ ಈ ಪದವಿ ಪೂರ್ತಿ ಸುರಕ್ಷತೆಯದ್ದಲ್ಲ. ದುಡಿಯುವವರ ಮೈಗೆ ಯಂತ್ರ ಹೊಂದಿಸುವುದು, ಅಂದರೆ ಎರ್ಗೊನಾಮಿಕ್ಸ್, ಪಾಠಗಳಲ್ಲಿ ಒಂದು ಚಿಕ್ಕ ಭಾಗ ಅಷ್ಟೆ. ಉಳಿದದ್ದು ಟ್ರ್ಯಾಕ್ಟರ್, ನೇಗಿಲು, ಬಿತ್ತನೆ ಯಂತ್ರ. ನಿಮ್ಮ ಓದು ಸುರಕ್ಷತೆಯದ್ದೋ ಅಲ್ಲವೋ ಅನ್ನುವುದು ಪ್ರಬಂಧದಲ್ಲಿ, ಅಂದರೆ ಥೀಸಿಸ್‌ನಲ್ಲಿ, ತೀರ್ಮಾನ ಆಗುತ್ತದೆ. ಥೀಸಿಸ್ ನಿಂತಿರುವುದು ಗೈಡ್ ಮೇಲೆ.

ನನ್ನದೇ ಕಥೆ ಹೇಳುತ್ತೇನೆ. ಎಲ್ಲಿ ಓದಿದೆ ಅಂತ ಬೇಡ. ಮೊದಲ ಆರು ತಿಂಗಳು ಭತ್ತದ ನಾಟಿ ಮಾಡುವ ಹೆಂಗಸರ ಶ್ರಮ ಅಳೆದೆ. ಆಮೇಲೆ ಗೈಡ್‌ಗೆ ವರ್ಗ ಆಯಿತು. ಅವರ ಜಾಗಕ್ಕೆ ಬಂದ ಹೊಸ ಗೈಡ್‌ಗೆ ಈ ವಿಷಯ ಬೇಡವಾಗಿತ್ತು. ನನ್ನ ಥೀಸಿಸ್ ಕೊನೆಗೆ ಮುಗಿದದ್ದು ಪವರ್ ಟಿಲ್ಲರಿನ ಡೀಸೆಲ್ ಖರ್ಚಿನ ಮೇಲೆ! ಪದವಿ ಬಂತು, ನೌಕರಿಯೂ ಬಂತು. ಆ ಆರು ತಿಂಗಳ ನೋಟ್‌ಬುಕ್ ಮಾತ್ರ ಇನ್ನೂ ಅಟ್ಟದ ಮೇಲಿದೆ.

ಅದಕ್ಕೇ ನಾನು ಕೊಯಮತ್ತೂರಿನ ಕಡೆ ಕೈ ತೋರಿಸುವುದು ಜಾಸ್ತಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು, ಅಂದರೆ ಐಸಿಎಆರ್‌ಗೆ ಕೃಷಿಯಲ್ಲಿ ಎರ್ಗೊನಾಮಿಕ್ಸ್ ಮತ್ತು ಸುರಕ್ಷತೆಗೆ ಅಂತಲೇ ಒಂದು ಅಖಿಲ ಭಾರತ ಯೋಜನೆ ಇದೆ. ಅದರ ಮುಖ್ಯ ಕಚೇರಿ ಭೋಪಾಲ್‌ನ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯಲ್ಲಿ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿವಿ, ಲುಧಿಯಾನಾ, ಉದಯಪುರ, ಭುವನೇಶ್ವರದಲ್ಲಿ ಇದರ ಕೆಲಸ ನಡೆದಿದೆ. ನಮ್ಮ ದೇಶದ ಹೊಲದ ಕೆಲಸಗಾರರ ಮೈಯ 79 ಅಳತೆ, ತೋಳು-ಕಾಲುಗಳ ಬಲದ 16 ಅಳತೆ ತೆಗೆದು ಪುಸ್ತಕ ಮಾಡಿದ್ದು ಇದೇ ಯೋಜನೆಯವರು. ಅದಕ್ಕೂ ಮೊದಲು ಯಂತ್ರದ ಹಿಡಿಕೆಗಳನ್ನು ಯಾರದ್ದೋ ಕೈಗೆ ಮಾಡುತ್ತಿದ್ದರು, ಹಿಡಿಯುತ್ತಿದ್ದವರು ನಮ್ಮವರು. ಕೊಯಮತ್ತೂರಿನವರು ತೆಂಗಿನ ಮರ ಹತ್ತುವ ಸಾಧನವನ್ನೂ ಮಾಡಿದ್ದಾರೆ. ಅಡಿಕೆ ಮರದ ಚಿಂತೆ ಇರುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಆಮೇಲಿನ ಕೆಲಸ? ವಿವಿಯಲ್ಲಿ ಪಾಠ, ಕೃಷಿ ವಿಜ್ಞಾನ ಕೇಂದ್ರ, ಟ್ರ್ಯಾಕ್ಟರ್ ಕಂಪನಿಗಳ ವಿನ್ಯಾಸ ವಿಭಾಗ. ನಮ್ಮ ಬಳ್ಳಾರಿಗೆ ಹತ್ತಿರ, ಅನಂತಪುರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಯಂತ್ರ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆ ಮಾಡುವ ಇಂಥ ಜಾಗದಲ್ಲಿ ಕೂತವರ ಮಾತಿಗೆ ಬೆಲೆ ಇದೆ. ಸಾವಿರ ರೈತರಿಗೆ ಕವಚ ಬಿಚ್ಚಬೇಡಿ ಅಂತ ಭಾಷಣ ಮಾಡುವುದಕ್ಕಿಂತ ಕವಚದ ವಿನ್ಯಾಸ ಬದಲಿಸಿ ಅಂತ ಒಂದು ವರದಿ ಬರೆಯುವುದು ಮೇಲು.

ಹೋಮ್ ಸೈನ್ಸ್ ಅಂತ ಮೂಗು ಮುರಿಯಬೇಡಿ

ಆ ಆರು ತಿಂಗಳಲ್ಲಿ ನಾನು ಕಲಿತದ್ದು ಇದೇ. ಶ್ರಮ ಅಳೆಯಲು ಎದೆಗೆ ಒಂದು ಪಟ್ಟಿ ಕಟ್ಟಬೇಕು. ಅದು ನಾಡಿಬಡಿತ ದಾಖಲಿಸುತ್ತದೆ. ಪಟ್ಟಿ ಚರ್ಮಕ್ಕೆ ಅಂಟಿಕೊಂಡಿರಬೇಕು, ಒಳಭಾಗ ನೀರಿನಲ್ಲಿ ಒದ್ದೆ ಮಾಡಿರಬೇಕು. ಅಂದರೆ ರವಿಕೆಯ ಒಳಗೆ. ಗದ್ದೆ ಬದುವಿನ ಮೇಲೆ ಪಟ್ಟಿ ಹಿಡಿದು ಪೆದ್ದನ ಹಾಗೆ ನಿಂತಿದ್ದೆ. ಹನ್ನೆರಡು ಜನ ಹೆಂಗಸರು, ಗಂಡಸು ನಾನೊಬ್ಬನೇ. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ಬಂದು ದನದ ಕೊಟ್ಟಿಗೆಯಲ್ಲಿ ಕಟ್ಟಿಕೊಟ್ಟರು. ಹಿರಿಯಳೊಬ್ಬಳು ನಕ್ಕು ಹೇಳಿದಳು: "ಎದೆ ಹೊಡ್ಕೊಳ್ಳೋದು ನೋಡೋಕೆ ಇಷ್ಟೆಲ್ಲಾ ಬೇಕಾ ತಮ್ಮಾ? ನೀನೇ ಒಂದ್ ಸಾಲು ನಾಟಿ ಮಾಡು, ಗೊತ್ತಾಗುತ್ತೆ." ಮಾಡಿದೆ. ಸಂಜೆ ಸೊಂಟ ನೆಟ್ಟಗಾಗಲಿಲ್ಲ.

ಧಾರವಾಡದ ಕೃಷಿ ವಿವಿಯ ಸಮುದಾಯ ವಿಜ್ಞಾನ ಕಾಲೇಜು, ಅಂದರೆ ಹಳೆಯ ಹೆಸರಲ್ಲಿ ರೂರಲ್ ಹೋಮ್ ಸೈನ್ಸ್ ಕಾಲೇಜು, ಈ ಕೆಲಸವನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿದೆ. ಹತ್ತಿ ಬಿಡಿಸುವುದು, ಕಳೆ ಕೀಳುವುದು, ಹೊರೆ ಹೊರುವುದು, ಇವುಗಳಲ್ಲಿ ಮೈಮುರಿತ ಕಡಿಮೆ ಮಾಡುವುದು ಹೇಗೆ ಅಂತ. ಬಿ.ಎಸ್ಸಿ ಸಮುದಾಯ ವಿಜ್ಞಾನ ಓದಿದವರು ಇದನ್ನು ಬಿಟ್ಟು ಬೇರೆ ಕಡೆ ಓಡುವುದು ನೋಡಿದರೆ ಬೇಜಾರಾಗುತ್ತದೆ. ನಾಟಿ, ಕಳೆ, ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದ್ದೇ ತಾನೆ? ಅವರ ಹತ್ತಿರ ಕೂತು ಅಳೆಯಬಲ್ಲವರು ಇಂಜಿನಿಯರಿಂಗ್ ವಿಭಾಗದಲ್ಲಿ ಕಡಿಮೆ. ಹಣ, ಉಪಕರಣ ಮಾತ್ರ ಇಂಜಿನಿಯರಿಂಗ್‌ನವರ ಹತ್ತಿರ ಜಾಸ್ತಿ. ಎರಡೂ ವಿಭಾಗದಿಂದ ಒಬ್ಬೊಬ್ಬ ಗೈಡ್ ಹಾಕಿಸಿಕೊಳ್ಳಲು ಆಗುತ್ತದಾ ಅಂತ ಸೇರುವ ಮೊದಲೇ ಕೇಳಿ.

ಔಷಧಿಯ ದಾರಿ

ಬಿ.ಎಸ್ಸಿ ಕೃಷಿ ಮಾಡಿದವರಿಗೆ ಕೀಟಶಾಸ್ತ್ರದ ಎಂ.ಎಸ್ಸಿ ಇದೆ. ಹೈದರಾಬಾದ್‌ನ ರಾಜೇಂದ್ರನಗರದಲ್ಲಿ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ. ಎರಡರಲ್ಲೂ ಒಂದು ತೊಂದರೆ. ಹುಳ ಹೇಗೆ ಸಾಯುತ್ತದೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಹೊಡೆಯುವವನಿಗೆ ಏನಾಗುತ್ತದೆ ಅನ್ನುವುದು ಲೇಬಲ್ಲಿನ ಬಣ್ಣದ ತ್ರಿಕೋನದಲ್ಲೇ ನಿಲ್ಲುತ್ತದೆ. ಕೆಂಪು ಅಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ತ್ರಿಕೋನ ಡಬ್ಬಿಯ ಮೇಲಿದೆ. ಹೊಡೆಯುವವನಿಗೆ ಡಬ್ಬಿ ಕಾಣುವುದೇ ಇಲ್ಲ, ಬಕೆಟ್ಟಿನಲ್ಲಿ ಬೆರೆಸಿದ ನೀರು ಕಾಣುತ್ತದೆ.

ಈ ದಾರಿ ಹಿಡಿಯುವವರು ಥೀಸಿಸ್‌ಗೆ ಕೀಟನಾಶಕ ಮೈಗೆ ಎಷ್ಟು ತಟ್ಟಿದೆ ಅಂತ ತೋರಿಸುವ, ರಕ್ತದಲ್ಲಿನ ಕೊಲಿನೆಸ್ಟರೇಸ್ ಪರೀಕ್ಷೆ, ಬಟ್ಟೆಗೆ ಎಷ್ಟು ಔಷಧಿ ಅಂಟುತ್ತದೆ ಅನ್ನುವ ಅಳತೆ, ಇಂಥದ್ದನ್ನು ತರಲು ನೋಡಿ. ರಕ್ತ ತೆಗೆಯುವುದಿದ್ದರೆ ವೈದ್ಯಕೀಯ ಕಾಲೇಜಿನ ಜೊತೆ ಬೇಕು, ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ಮಾಡಿದ 'ಕಿಸಾನ್ ಕವಚ್' ಅನ್ನುವ ಉಡುಪು 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಆಯಿತು. ಬಟ್ಟೆಗೆ ತಾಗಿದ ಕೀಟನಾಶಕವನ್ನು ಆ ಬಟ್ಟೆಯೇ ಒಡೆದುಹಾಕುತ್ತದೆ. ಬೆಲೆ ಸುಮಾರು 4,000 ರೂಪಾಯಿ. ಇದು ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಂದ ಬಂದದ್ದು, ಕೃಷಿ ಕಾಲೇಜಿನಿಂದಲ್ಲ. ಆದರೆ ರಾಯಚೂರಿನ ಬಿಸಿಲಲ್ಲಿ ಕೂಲಿಯವನು ಮಧ್ಯಾಹ್ನದವರೆಗೂ ಇದನ್ನು ತೊಟ್ಟುಕೊಂಡಿರುತ್ತಾನಾ? ದುಡ್ಡು ಕೊಡುವವರು ಯಾರು, ಅವನಾ ಧಣಿಯಾ? ಇದಕ್ಕೆ ಉತ್ತರ ಪ್ರಯೋಗಾಲಯದಲ್ಲಿ ಸಿಗುವುದಿಲ್ಲ.

ಡಾಕ್ಟರು, ನರ್ಸು, ಪಶುವೈದ್ಯರು

ಎಂಬಿಬಿಎಸ್ ಆದವರಿಗೆ ಮೂರು ತಿಂಗಳ 'ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್', ಅಂದರೆ ಎಎಫ್‌ಐಎಚ್ ಕೋರ್ಸ್ ಇದೆ. ಬೇಗ ಮುಗಿಯುತ್ತದೆ, ಕೆಲಸವೂ ಸಿಗುತ್ತದೆ. ಅಪಾಯಕಾರಿ ಕಾರ್ಖಾನೆಗಳ ವೈದ್ಯರಿಗೆ ಇದು ಬೇಕು. ಹೆಸರಲ್ಲೇ ಇದೆ ನೋಡಿ, ಇದು ಕೈಗಾರಿಕೆಯ ಆರೋಗ್ಯ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸರಿ, ಅದಕ್ಕೆ ಕಬ್ಬು ಕಡಿಯುವವನಿಗೆ ಅಲ್ಲ.

ಹೊಲದ ಕಡೆಗೇ ಮನಸ್ಸಿದ್ದರೆ ಕಮ್ಯುನಿಟಿ ಮೆಡಿಸಿನ್ ಎಂ.ಡಿ, ಇಲ್ಲವಾದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎಂ.ಪಿ.ಎಚ್. ಎಂ.ಪಿ.ಎಚ್‌ಗೆ ಡಾಕ್ಟರೇ ಆಗಿರಬೇಕು ಅಂತೇನಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ, ಮಣಿಪಾಲ, ನಿಮ್ಹಾನ್ಸ್, ಎಲ್ಲ ಕಡೆ ಇದೆ. ಸುಮ್ನೆ ಪಟ್ಟಿ ಉದ್ದ ಮಾಡುವುದಿಲ್ಲ. ನನ್ನ ಒಲವು ತಿರುವನಂತಪುರದ ಕಡೆ, ಅಲ್ಲಿ ಈ ವಿಷಯಕ್ಕೆ ಹಳೆಯ ಬೇರಿದೆ. ಮಂಗನ ಕಾಯಿಲೆ ಬಗ್ಗೆ ಕೆಲಸ ಮಾಡುವ ಆಸೆ ಇದ್ದವರು ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಫೀಲ್ಡ್ ವರ್ಕ್ ಮಾಡಲು ಯಾವ ವಿಭಾಗ ಬಿಡುತ್ತದೆ ಅಂತ ನೋಡಿ ಸೇರಿ. ದೇವನಹಳ್ಳಿ ಹತ್ತಿರ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್‌ನ ದಕ್ಷಿಣ ವಲಯದ ಔದ್ಯೋಗಿಕ ಆರೋಗ್ಯ ಕೇಂದ್ರ ಇದೆ. ಥೀಸಿಸ್‌ಗೆ ಅಳತೆಯ ಸಹಾಯ ಬೇಕಾದಾಗ ತಟ್ಟಬೇಕಾದ ಬಾಗಿಲು ಅದು.

ಪಶುವೈದ್ಯರಿಗೆ ಹೆಬ್ಬಾಳದ ಕಾಲೇಜಿನಲ್ಲಿ ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯದ ಎಂ.ವಿ.ಎಸ್ಸಿ. ದನದಿಂದ ಮನುಷ್ಯನಿಗೆ ಬರುವ ಬ್ರುಸೆಲ್ಲೋಸಿಸ್‌ನಂಥ ಕಾಯಿಲೆಗಳಿಗೆ ಇದೇ ಸರಿ.

ಇನ್ನು ಕೇಂದ್ರೀಯ ಕಾರ್ಮಿಕ ಸಂಸ್ಥೆಗಳ ಒಂದು ವರ್ಷದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾ. ಮನೆಯಲ್ಲಿ ಸಾಲ ಇದೆ, ಬೇಗ ಸಂಬಳ ಬೇಕು ಅಂದರೆ ಖಂಡಿತ ಮಾಡಿ. ಹೊಲಕ್ಕೆ ವಾಪಸ್ ಬರುವುದು ಆಮೇಲೆ ಕಷ್ಟ, ಅಷ್ಟೆ.

ಅಯೋವಾ ಮತ್ತು ಬೇರೆ ಸಮುದ್ರಗಳ ಆಚೆ

ಅಯೋವಾ ವಿಶ್ವವಿದ್ಯಾಲಯದಲ್ಲಿ ಕೃಷಿ ವೈದ್ಯಕೀಯಕ್ಕೆ ಅಂತಲೇ 1955ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಈಗ ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಲೇಜಿನಲ್ಲಿ ಕೃಷಿ ಸುರಕ್ಷತೆ ಮತ್ತು ಆರೋಗ್ಯದ ಮೇಲೆ ಎಂ.ಎಸ್, ಪಿಎಚ್.ಡಿ ಮಾಡಬಹುದು. ಹಳ್ಳಿಗಾಡಿನ ಡಾಕ್ಟರು, ನರ್ಸುಗಳಿಗೆ 40 ಗಂಟೆಯ ಒಂದು ತರಬೇತಿಯೂ ಅಲ್ಲೇ ಹುಟ್ಟಿದ್ದು. ಒಂದೇ ತರಗತಿಯಲ್ಲಿ ಇಂಜಿನಿಯರು, ನರ್ಸು, ಪಶುವೈದ್ಯ ಕೂತು ಒಂದೇ ಅಪಘಾತವನ್ನು ಮೂರು ಕಡೆಯಿಂದ ನೋಡುತ್ತಾರೆ. ನಮ್ಮಲ್ಲಿ ಇಲ್ಲದ್ದು ಅದೇ. ಒಮಾಹಾದ ನೆಬ್ರಾಸ್ಕಾ ವೈದ್ಯಕೀಯ ಕೇಂದ್ರ, ಕ್ಯಾಲಿಫೋರ್ನಿಯಾದ ಡೇವಿಸ್, ಕೆನಡಾದ ಸಾಸ್ಕಟೂನ್‌ನಲ್ಲೂ ಇಂಥ ಕೇಂದ್ರಗಳಿವೆ. ಆಸ್ಟ್ರೇಲಿಯಾದ ಹ್ಯಾಮಿಲ್ಟನ್ ಅನ್ನುವ ಸಣ್ಣ ಊರಲ್ಲಿ 2008ರಲ್ಲಿ ಶುರುವಾದ ರೈತರ ಆರೋಗ್ಯ ಕೇಂದ್ರವೂ ಡೀಕಿನ್ ವಿವಿ ಜೊತೆ ಸೇರಿ ಈ ವಿಷಯ ಕಲಿಸಿದೆ.

ಹಾಗಾದರೆ ಹೊರಟೇಬಿಡೋಣವಾ? ತಡೀರಿ. ಅಲ್ಲಿನ ಉದಾಹರಣೆಗಳೆಲ್ಲ ಅಲ್ಲಿನವೇ. ಮನೆಯಷ್ಟು ಎತ್ತರದ ಕಣಜದಲ್ಲಿ ಮೆಕ್ಕೆಜೋಳ ಇಳಿಯುವಾಗ ಒಳಗೆ ನಿಂತವನು ಕ್ಷಣದಲ್ಲಿ ಹೂತುಹೋಗುವುದು. ಸಾವಿರಾರು ಹಂದಿಗಳ ಕೊಟ್ಟಿಗೆಯ ಕೆಳಗಿನ ಸಗಣಿ ಗುಂಡಿಯಿಂದ ಹೈಡ್ರೋಜನ್ ಸಲ್ಫೈಡ್ ಏಳುವುದು. ಗೊಬ್ಬರಕ್ಕೆ ಬಳಸುವ ಅಮೋನಿಯಾ ಅನಿಲ. ಅಡಿಕೆ ಮರ ಹತ್ತುವ ಪಾಠ ಅಲ್ಲಿಲ್ಲ. ಆದರೆ ಗುಂಡಿಯ ಅನಿಲದ ಪಾಠ ನಮಗೂ ಬೇಕು. ಹಾಳು ಬಾವಿಗೆ ಒಬ್ಬ ಇಳಿದು, ಅವನನ್ನು ಎತ್ತಲು ಇನ್ನೊಬ್ಬ ಇಳಿದು, ಇಬ್ಬರೂ ಬರದೆ ಹೋದ ಸುದ್ದಿ ನಮ್ಮ ಪೇಪರಲ್ಲೂ ಬರುತ್ತದೆ. ಉದಾಹರಣೆ ಬೇರೆ, ಅಳೆಯುವ ವಿದ್ಯೆ ಒಂದೇ.

ಎರಡನೆಯದು ದುಡ್ಡು. ಅಮೆರಿಕದ ಕೇಂದ್ರಗಳಿಗೆ ಹಣ ಬರುವುದು ಹೆಚ್ಚಾಗಿ ನಿಯೋಶ್ ಅನ್ನುವ, ಕೆಲಸದ ಸುರಕ್ಷತೆಯ ಸಂಶೋಧನೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಿಂದ. ಅದರ ತರಬೇತಿ ಸ್ಟೈಪೆಂಡ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ವೆಬ್‌ಸೈಟಿನಲ್ಲಿ 'ಪೂರ್ತಿ ಫೀಸು ಮಾಫಿ' ಅಂತ ನೋಡಿ ಕುಣಿಯುವ ಮೊದಲು ಇದನ್ನು ನೋಡಿ. ಜೊತೆಗೆ 2025ರ ಏಪ್ರಿಲ್‌ನಲ್ಲಿ ನಿಯೋಶ್‌ನಲ್ಲಿ ದೊಡ್ಡ ಮಟ್ಟದ ಸಿಬ್ಬಂದಿ ಕಡಿತ ಆಯಿತು. ಪ್ರೊಫೆಸರ್‌ಗೆ ಮೇಲ್ ಬರೆಯುವಾಗ 'ನನ್ನ ಸಂಶೋಧನಾ ಸಹಾಯಕ ಹುದ್ದೆಯ ಹಣ ಯಾವ ಯೋಜನೆಯಿಂದ, ಎಷ್ಟು ವರ್ಷಕ್ಕೆ?' ಅಂತ ನಾಚಿಕೆ ಬಿಟ್ಟು ಕೇಳಿ. ನಮ್ಮ ಕಡೆಯಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಅದರಲ್ಲಿ ಪರಿಶಿಷ್ಟ ಜಾತಿಯವರ ಜೊತೆ ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳಿಗೂ ಜಾಗ ಇದೆ. ಮನೆಯ ವರ್ಷದ ಆದಾಯ 8 ಲಕ್ಷ ಮೀರಬಾರದು. ಇದು ಅನೇಕರಿಗೆ ಗೊತ್ತೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕರ್ನಾಟಕದ 'ಪ್ರಬುದ್ಧ' ಯೋಜನೆಯೂ ಇದೆ.

ಇನ್ನೊಂದು ವಿಷಯ ಕೇಳಿದರೆ ನಗು ಬರುತ್ತದೆ. ಅಮೆರಿಕದ ಕೆಲಸದ ಸುರಕ್ಷತಾ ಇಲಾಖೆಯಾದ ಓಶಾ, 10 ಅಥವಾ ಅದಕ್ಕಿಂತ ಕಡಿಮೆ ಕೆಲಸಗಾರರಿರುವ ಹೊಲಗಳ ಮೇಲೆ ನಿಯಮ ಹೇರಲು ಹಣ ಖರ್ಚು ಮಾಡುವಂತಿಲ್ಲ. ಅಲ್ಲೂ ಸಣ್ಣ ರೈತನ ಬೇಲಿಯ ಹತ್ತಿರ ಕಾನೂನು ನಿಂತುಬಿಡುತ್ತದೆ. ಹಾಗಾಗಿ ಅಲ್ಲಿನವರು ಮನವೊಲಿಸುವುದನ್ನು ಒಂದು ಶಾಸ್ತ್ರದ ಹಾಗೆ ಕಲಿತಿದ್ದಾರೆ. ನನ್ನನ್ನು ಕೇಳಿದರೆ ಅಯೋವಾದಿಂದ ತರಬೇಕಾದ ವಿದ್ಯೆ ಅದು.

ನನ್ನ ಲೆಕ್ಕ ಇಷ್ಟು. ಸಾಲ ಮಾಡಿ ಎಂ.ಎಸ್‌ಗೆ ಹೋಗಬೇಡಿ. ಇಲ್ಲಿ ಎಂ.ಟೆಕ್ ಅಥವಾ ಎಂ.ಪಿ.ಎಚ್ ಮಾಡಿ, ಒಂದು ಒಳ್ಳೆಯ ಥೀಸಿಸ್ ಕೈಯಲ್ಲಿ ಹಿಡಿದು, ಹಣ ಕೊಡುವ ಪಿಎಚ್.ಡಿಗೆ ಹೋಗಿ.

ಗೈಡ್‌ಗೆ ಕೇಳಬೇಕಾದ್ದು

ಹಿಂದಿನ ಐದು ವಿದ್ಯಾರ್ಥಿಗಳ ಥೀಸಿಸ್ ಹೆಸರು ಕೇಳಿ. ಲೈಬ್ರರಿಯಲ್ಲಿ ಒಂದನ್ನಾದರೂ ತೆಗೆದು ಕೊನೆಯ ಪುಟ ಓದಿ. 'ಕಾರ್ಮಿಕರು ಗ್ಲೌಸ್, ಮಾಸ್ಕ್ ಧರಿಸಬೇಕು' ಅಂತ ಮುಗಿದಿದ್ದರೆ ಅನುಮಾನ ಪಡಿ. ಅಪಾಯವನ್ನೇ ತೆಗೆಯುವುದು ಮೊದಲು, ಬದಲಿ ಹುಡುಕುವುದು ಆಮೇಲೆ, ನಂತರ ಯಂತ್ರ ಸರಿಪಡಿಸುವುದು, ಕೆಲಸದ ಕ್ರಮ ಬದಲಿಸುವುದು. ಗ್ಲೌಸ್ ಕಟ್ಟಕಡೆಗೆ. ಈ ಕ್ರಮ ತಲೆಕೆಳಗಾದ ಜಾಗದಲ್ಲಿ ಎರಡು ವರ್ಷ ಕಳೆಯಬೇಡಿ. ಹಾಗೇ, ಗೈಡ್‌ಗೆ ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತಲೂ ಯಾರನ್ನಾದರೂ ವಿಚಾರಿಸಿಕೊಳ್ಳಿ. ನನ್ನ ಅಟ್ಟದ ನೋಟ್‌ಬುಕ್ ನೆನಪಿರಲಿ.

ಅಡಿಕೆಯಲ್ಲಿ ಅಪಾಯವನ್ನೇ ತೆಗೆದ ಉದಾಹರಣೆ ಕಣ್ಣೆದುರೇ ಇದೆ. ಬಂಟ್ವಾಳದ ರೈತರೊಬ್ಬರು 2019ರಲ್ಲಿ ಮರ ಹತ್ತುವ ಬೈಕ್ ಮಾಡಿ ಸುದ್ದಿಯಾದರು. ಅದಾದ ಮೇಲೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂತು. ಈಗ ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾರೆ, ಅಡಿಕೆ ಗೊನೆ ಕೊಯ್ಯುತ್ತಾರೆ. ಬೀಳುವ ಮಾತೇ ಇಲ್ಲ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಹಾದುಹೋದ ಲೈನಿಗೆ ದೋಟಿ ತಾಗಿದರೆ ಮುಗಿಯಿತು. ಹಳೆಯ ಅಪಾಯದ ಜಾಗಕ್ಕೆ ಹೊಸದು ಬಂದು ಕೂತಿದೆ. ಇದನ್ನು ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕರೆಂಟ್ ಮಾತ್ರ ಅಲ್ಲ ಅಣ್ಣಾ," ಅಂದ. "ಚಿಕ್ಕಪ್ಪನ ಮಗ ಈಗ ದೋಟಿ ಕೆಲಸಕ್ಕೆ ಹೋಗ್ತಾನೆ. ದಿನಪೂರ್ತಿ ಮೇಲೆ ನೋಡಿ ನೋಡಿ ರಾತ್ರಿ ಕತ್ತು ಬಗ್ಗಿಸೋಕೆ ಆಗಲ್ಲ ಅಂತಾನೆ. ಅದನ್ನ ಅಳೆಯೋಕೆ ಆಗುತ್ತಾ?"

ಆಗುತ್ತದೆ. ಕೊಯಮತ್ತೂರಿಗೆ ಬರೆಯುವ ಮೇಲ್‌ನಲ್ಲಿ ಈ ಪ್ರಶ್ನೆಯನ್ನೇ ಮೊದಲ ಸಾಲಿನಲ್ಲಿ ಹಾಕು ಅಂದೆ.